ನಾ ಬರೀದೇ ಫೇಲಾದ ಜರ್ಮನ್ ಪರೀಕ್ಷೆ

ನಾನು ಜರ್ಮನ್ ಪರೀಕ್ಷೆದಾಗ ಫೇಲ್ ಆದೆ ಅನ್ನೋದು ನಾರಾಯಣಪೇಟೆದಾಗ ನಮ್ಮ ಓಣಿಗೆಲ್ಲಾ ಗೊತ್ತು. ಕಿರಾಣಿ ಅಂಗಡಿಯಾಂವಗ ಗೊತ್ತು, ನೂಲಿಗೆ ಬಣ್ಣ ಹಾಕೋ ಮುದುಕಗ ಗೊತ್ತು, ದಿನಾ ನಾ ಹತ್ತೋ ಮಕ್ತಲ್ ಬಸ್ಸಿನ ಕಂಡಕ್ಟರಗೂ ಗೊತ್ತು. ಪ್ರಶ್ನೆ ಭಾಳ ಕಠಿಣ ಇದ್ದವು ಅಂತ ನಾ ಹೇಳಿದ್ದಕ್ಕ, "ಕುಣೀಲಾರದಾಕಿ ಅಂಗಳ ಡೊಂಕು ಅಂದ್ಳಂತ" ಅಂತ ಎದುರುಮನಿ ಕಾಕು ನನ್ನ ಮುಂದನ ಅಂದ್ಳು. ಅನ್ನಲಿ. ಖರೇ ಏನಂದ್ರ ನಾ ಫೇಲ್ ಆಗಿಲ್ಲ. ಆ ಪರೀಕ್ಷೆಗೆ ನಾ ಕುಂತೇ ಇಲ್ಲ. ನಮ್ಮವರೊಳಗ ಇದು ನನಗ, ಗದ್ವಾಲದಾಗಿರೋ ನಮ್ಮ ಅಕ್ಕಗ, ಇಬ್ಬರಿಗಷ್ಟ ಗೊತ್ತು. ನಮ್ಮವ್ವಗ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಆಕಿಗೆ ಓದಾಕ ಬರಂಗಿಲ್ಲ, ಅದಕ್ಕ ಧೈರ್ಯ ಮಾಡಿ ಬರಿಯಾಕ ಹತ್ತೀನಿ.

ನಾನು ಮಕ್ತಲದಾಗ ಒಂದು ಖಾಸಗಿ ದವಾಖಾನ್ಯಾಗ ನರ್ಸು. ಹನ್ನೊಂದು ವರ್ಷ ಆತು. ಮುಂಜಾನೆ ಬಸ್ಸಿಗೆ ಹೋಗೋದು, ಸಂಜೀ ಬಸ್ಸಿಗೆ ಬರೋದು. ಅಪ್ಪ ತೀರಿಕೊಂಡ ಮ್ಯಾಲ ಮನ್ಯಾಗ ಇರೋದು ನಾನು, ಅವ್ವ, ಒಂದು ಕುಣಿ ಮಗ್ಗ. ಅವ್ವ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತ್ಳು ಅಂದ್ರ ಹೊತ್ತು ಮುಣಗೋತನಕ ನೇಯ್ತಾಳ. ನನ್ನ ಲಗ್ನದ ಮಾತು ಮೂವತ್ತು ದಾಟಿದ ಮ್ಯಾಲ ಯಾರೂ ತೆಗೀಲಿಲ್ಲ. ನಾನೂ ತೆಗೀಲಿಲ್ಲ, ಆರಾಮ ಇದ್ದೆ ಅಂತನ ತಿಳಕೋರಿ.

"ಅಷ್ಟು ದೂರ ಯಾಕ ಹೋಗಬೇಕಿತ್ತು ನಿನಗ?" ಅಂತ ಈಗ ಎಲ್ಲಾರೂ ಕೇಳ್ತಾರ, ನಾ ಹೋಗಿ ಬಂದಂಗ. ರೊಕ್ಕಕ್ಕ ಅಂತ ಅವರೇ ಉತ್ತರನೂ ಹೇಳ್ಕೋತಾರ. ರೊಕ್ಕ ಯಾರಿಗೆ ಬ್ಯಾಡ? ಆದ್ರ ನನಗ ಹುಚ್ಚು ಹಿಡಿಸಿದ್ದು ಬ್ಯಾರೆ. ಜರ್ಮನಿಯ ಒಂದು ಮುದುಕರ ಆರೈಕೆ ಮನಿಯವರು ಫೋನಿನ ಪರದೆ ಮ್ಯಾಲ ನನ್ನ ಸಂದರ್ಶನ ಮಾಡಿದ್ರು. ಬಿಳಿಗೂದಲಿನ ಒಬ್ಬಾಕಿ ದೊಡ್ಡ ನರ್ಸು. ಹಾಸಿಗಿ ಹಿಡದವರಿಗೆ ಬೆನ್ನಿಗೆ ಹುಣ್ಣು ಆಗಬಾರದಂದ್ರ ಏನು ಮಾಡ್ತೀ ಅಂತ ಕೇಳಿದ್ಳು. ನಾ ಮುರುಕು ಜರ್ಮನದಾಗ ಹೇಳಿದೆ, ಎಷ್ಟು ತಾಸಿಗೊಮ್ಮೆ ಹೊರಳಿಸ್ತೀನಿ, ಹಿಮ್ಮಡಿ ಕೆಳಗ ಏನು ಇಡ್ತೀನಿ, ಹೆಂಗ ಒರಸ್ತೀನಿ. ಆಕಿ ನಡುವ ಬಾಯಿ ಹಾಕಲಿಲ್ಲ. ನಾ ಮುಗಿಸೋತನಕ ಕೇಳಿ, ಹಾಳಿ ಮ್ಯಾಲ ಬರಕೊಂಡ್ಳು. ನಾ ಹೇಳಿದ್ದನ್ನ! ಹನ್ನೊಂದು ವರ್ಷದಾಗ ನನ್ನ ಮಾತು ಯಾರೂ ಬರಕೊಂಡಿರಲಿಲ್ಲ. ನಮ್ಮ ದವಾಖಾನ್ಯಾಗ ಡಾಕ್ಟರು ನನ್ನ ಕರಿಯೋದು "ಏಯ್" ಅಂತ. ಆವತ್ತ ನಿಶ್ಚಯ ಮಾಡಿದೆ, ಹೋದ್ರ ಅಲ್ಲಿಗೇ ಹೋಗಬೇಕು.

ಅವರು ಒಪ್ಪಿದ್ರು. ಒಂದ ಕರಾರು: ಇಂಥ ತಾರೀಖಿನೊಳಗ ಜರ್ಮನ್ ಭಾಷಾದ ಮ್ಯಾಲಿನ ಹಂತದ ಪರೀಕ್ಷೆ ಪಾಸಾದ ಕಾಗದ ಮುಟ್ಟಬೇಕು. ಅದರ ಮುಂದಿನ ತಂಡಕ್ಕ ನನ್ನ ವಯಸ್ಸು ದಾಟ್ತೈತಿ ಅಂತ ನಡುವಿನ ಏಜನ್ಸಿಯವರು ಮೊದಲ ಹೇಳಿಬಿಟ್ಟಿದ್ರು. ಅಂದ್ರ ಒಂದ ಸಲ, ಆ ಸಲನ. ಅವ್ವನೂ ಖುಷಿಲೇ ಹೂಂ ಅಂದಿದ್ಳು. ನಾ ಹೋದ ಮ್ಯಾಲ ಗದ್ವಾಲಕ್ಕ ಅಕ್ಕನ ಮನಿಗೆ ಹೋಗಿ ಮೊಮ್ಮಕ್ಕಳ ಜೋಡಿ ಇರೋದು ಅಂತ ಆಕಿ ತನ್ನ ಟ್ರಂಕಿನ ಕೀಲಿಗೆ ಎಣ್ಣಿ ಸೈತ ಹಾಕಿದ್ಳು.

ಎರಡು ವರ್ಷ ಕಲಿತೆ. ಹೈದರಾಬಾದಿನ ಒಬ್ಬ ಮೇಡಂ ಸಂಜೀ ಮುಂದ ಫೋನಿನಾಗ ಪಾಠ ಮಾಡ್ತಿದ್ರು, ತೆಲುಗಿನಾಗ ತಿಳಿಸಿ ಜರ್ಮನದಾಗ ಬೈತಿದ್ರು. ಆ ಭಾಷಾದಾಗ ನಿರ್ಜೀವ ಸಾಮಾನಿಗೂ ಗಂಡು ಹೆಣ್ಣು ಐತ್ರೀ. ಸೂಜಿ ಹೆಣ್ಣು. ಗುಳಿಗಿ ಹೆಣ್ಣು. ಗಾಯ ಹೆಣ್ಣು, ಬ್ಯಾನಿ ಹೆಣ್ಣು. ಹಾಸಿಗಿ ಮಾತ್ರ ಅತ್ತಾಗೂ ಇಲ್ಲ ಇತ್ತಾಗೂ ಇಲ್ಲ. "ಬ್ಯಾನಿ ಎಲ್ಲಾ ಹೆಣ್ಣಿಗೇ ಹಚ್ಚಿದ್ರೇನು, ಭೇಷ್!" ಅಂತ ನಾ ಅಂದ್ರ ಮೇಡಂ ನಕ್ಕಾರ ಅಂತೀರೇನು? ಇಲ್ಲ. "ಬಾಯಿಪಾಠ ಮಾಡು" ಅಂದ್ರು.

ಇಷ್ಟಕ್ಕ ಮುಗೀಲಿಲ್ಲ. ನಮ್ಮ ಮಾತಿನಾಗ ಹೊಸ ಸೂಜಿ ಅಂದ್ರ ಹೊಸ ಸೂಜಿ. ಹೊಸ ಸೂಜಿಗೆ, ಹೊಸ ಸೂಜಿಲೇ, ಹೊಸ ಸೂಜಿದು. 'ಹೊಸ' ಅನ್ನೋದು ಕುಂತಲ್ಲೇ ಕುಂತಿರ್ತೈತಿ, ಬಾಲ ಬದಲಾಗೋದು ಸೂಜಿದು. ಜರ್ಮನದಾಗ ಉಲ್ಟಾ. ಸೂಜಿ ಸುಮ್ಮನ ಇರ್ತೈತಿ, ಅದರ ಮುಂದಿನ 'ಹೊಸ' ಅಂಗಿ ಬದಲಿಸ್ತೈತಿ. ಸೂಜಿ ಐತಿ, ಸೂಜಿ ತಗೊಂಡೆ ಅನ್ನೋವಾಗ 'ನೊಯೆ'. ಸೂಜಿಲೇ ಚುಚ್ಚಿದೆ, ಸೂಜಿಯ ತುದಿ ಅನ್ನೋವಾಗ 'ನೊಯನ್'. ಗಂಡಿಗೆ ಒಂದು ನಮೂನಿ, ಹೆಣ್ಣಿಗೆ ಒಂದು. ನಾನು ಹೆಣ್ಣಿನದು ಮೊದಲ ಹಿಡದೆ, ನನಗ ಬೇಕಾಗೋ ಸಾಮಾನೆಲ್ಲಾ ಹೆಣ್ಣೇ ಇದ್ದದ್ದಕ್ಕ.

ಡೀ ನೊಯೆ ನಾಡೆಲ್, ಡೀ ನೊಯೆ ನಾಡೆಲ್, ಡೆರ್ ನೊಯನ್ ನಾಡೆಲ್, ಡೆರ್ ನೊಯನ್ ನಾಡೆಲ್.

ಮನ್ಯಾಗ ಮಗ್ಗದ ಸಪ್ಪಳದಾಗ ಜೋರಾಗಿ ಒದರಿದ್ರನ ನನಗ ನನ್ನ ದನಿ ಕೇಳಬೇಕು. ಒದರಿ ಒದರಿ ಅದು ಮಗ್ಗದ ತಾಳಕ್ಕ ಕುಂತುಬಿಡ್ತು. ಎರಡು ಏಟು ನೊಯೆ, ಎರಡು ಏಟು ನೊಯನ್. ಒಂದು ದಿನ ನಾ ಬಾಯಿ ಮುಚ್ಚಿ ಚಹಾ ಕುಡಿಯಾಕ ಹತ್ತಿದ್ದೆ. ಅವ್ವ ಲಾಳಿ ಒಗೀತಾ ಗುಣುಗುಣು ಅಂತಿದ್ಳು. ಕಿವಿಗೊಟ್ಟು ಕೇಳಿದ್ರ, "ನೊಯೆ, ನೊಯೆ, ನೊಯನ್, ನೊಯನ್!"

"ಯವ್ವಾ, ನೀ ಯಾವಾಗ ಕಲಿತಿ?"

"ಕಲಿಯೋದೇನು, ಹಾಳಾದ್ದು ಕಾಲಿಗೆ ಹತ್ತೈತಿ" ಅಂದ್ಳು. "ನಿಲ್ಲಿಸಿದ್ರ ಎಳಿ ತಪ್ತೈತಿ."

ಅವತ್ತಿಂದ ಅದ ಆಟ ಆತು. ನಾ ಬೇಕಂತ ತಪ್ಪು ಹೇಳೋದು, ಆಕಿ ಕುಣಿಯಾಗಿಂದನ "ತಪ್ಪು!" ಅಂತ ಚೀರೋದು. ಅರ್ಥ ಒಂದೂ ಗೊತ್ತಿಲ್ಲ ಆಕಿಗೆ. ಕಿವಿಗೆ ಎಳಿ ಹೋದದ್ದು ತಿಳೀತಿತ್ತು. ಮಕ್ತಲದಾಗ ಸೂಜಿ ಮಾಡೋವಾಗೂ ನನ್ನ ತುಟಿ ಅಳ್ಳಾಡ್ತಿತ್ತು. ಒಬ್ಬ ಮುದುಕಿ, "ಏಂ ಮಂತ್ರಂ ಚದುವುತುನ್ನಾವ್ ತಲ್ಲೀ?" ಅಂತ ಕೈ ಮುಗದ್ಳು, ಯಾವ ಮಂತ್ರ ಓದ್ತೀ ತಾಯೀ ಅಂತ. ಆ ದಿನಗಳು ಚಲೋ ಇದ್ದವು. ಸುಳ್ಳು ಯಾಕ ಹೇಳಲಿ, ನನ್ನ ಜಲ್ಮದಾಗ ಅಷ್ಟು ಚಲೋ ದಿನ ಬ್ಯಾರೆ ಇಲ್ಲ.

ಪರೀಕ್ಷೆಗೆ ಹೆಸರು ಹಚ್ಚೋದು ಫೋನಿನಾಗ. ಇಂಥ ದಿನ ಮುಂಜಾನೆ ಹನ್ನೊಂದಕ್ಕ ತೆಗೀತಾರ, ಒತ್ತಿಬಿಡು ಅಂತ ಮೇಡಂ ಹೇಳಿದ್ರು. ನಾ ದವಾಖಾನಿಗೆ ರಜಾ ಹಾಕಿದೆ, ಮನ್ಯಾಗ ಕುಂತು ಸಮಾಧಾನಲೇ ಮಾಡೋಣಂತ. ಕಾಗದ ಪತ್ರ ಎಲ್ಲಾ ಫೋನಿಗೆ ಏರಿಸಿ, ಹತ್ತೂವರೆಗೆ ಕುಂತೆ. ಆಗ ಲಕ್ಷ್ಯಕ್ಕ ಬಂತು, ಮನಿ ಸುಮ್ಮನ ಐತಿ. ಮಗ್ಗ ಸಪ್ಪಳ ಮಾಡವಲ್ಲದು. ಅವ್ವ ತಲಿಗೆ ಎರಕೊಂಡು, ಮಗ್ಗಕ್ಕ ಊದಿನಕಡ್ಡಿ ಬೆಳಗಿ, ನನ್ನ ಬಾಜೂ ಬಂದು ಕುಂತ್ಳು.

ಅಮಾಸಿ.

ನಮ್ಮ ನೇಕಾರ ಓಣ್ಯಾಗ ಅಮಾಸಿ ದಿನ ಮಗ್ಗ ಮುಟ್ಟಂಗಿಲ್ಲ. ಹೊಸಾದು ಏನೂ ಶುರು ಮಾಡಂಗಿಲ್ಲ, ನೂಲು ಸುತ್ತಂಗಿಲ್ಲ, ಮಾತು ಕೊಡಂಗಿಲ್ಲ. ಅದೇನು ದೊಡ್ಡ ಮಾತಲ್ಲ, ತಿಂಗಳಿಗೆ ಒಂದು ದಿನ ಸೊಂಟಕ್ಕ ಆರಾಮ ಅಂತ ಹಿರಿಯರು ಮಾಡಿಟ್ಟಿರಬೇಕು. ಆದ್ರ ನಮ್ಮ ಮನ್ಯಾಗ ಅದಕ್ಕೊಂದು ಕತಿ ಐತಿ. ಅಪ್ಪ ಒಂದು ಸಲ ಮದುವಿ ಸೀಜನ್ ಅವಸರಕ್ಕ ಅಮಾಸಿ ದಿನ ಮಗ್ಗಕ್ಕ ಹೊಸ ಹಾಸು, ಅಂದ್ರ ಉದ್ದ ನೂಲು, ಏರಿಸಿದ. ನಮ್ಮಲ್ಲಿ ಒಂದು ಹಾಸಿನಾಗ ಎಂಟು ಸೀರಿ ಬರ್ತಾವ. ಮೂರನೇ ಸೀರಿ ಅರ್ಧ ನೇಯ್ದಿದ್ದ, ಮಗ್ಗದ ಮ್ಯಾಲನ ಬಿದ್ದ. ಮತ್ತ ಏಳಲಿಲ್ಲ. ಉಳಿದ ಸೀರಿ ಅವ್ವ ನೇಯ್ದು ಮುಗಿಸಿದ್ಳು. ಆತ ಬಿಪಿ ಗುಳಿಗಿ ಬಿಟ್ಟು ವರ್ಷ ಆಗಿತ್ತು, ನಾನ ಎಷ್ಟು ಸಲ ಬೈದಿದ್ದೆ. ನರ್ಸು ನಾನು, ನನಗ ಗೊತ್ತಿಲ್ಲೇನು ಯಾಕ ಬಿದ್ದ ಅಂತ? ಅವ್ವಗ ಎಷ್ಟು ತಿಳಿಸಿ ಹೇಳಿದ್ರೂ ಆಕಿ ಕಿವಿಗೆ ಒಂದ ಹೋಗೋದು: ಅಮಾಸಿ.

"ಇವತ್ತ ಏನು ಒತ್ತಾಕ ಹತ್ತೀ?" ಅಂದ್ಳು.

"ಪರೀಕ್ಷೆಗೆ ಹೆಸರು."

ಆಕಿ ಮುಖ ಹೆಂಗ ಬಿಳಚಿತು ಅಂದ್ರ ನಾ ಫೋನು ಬಿಟ್ಟು ಆಕಿ ನಾಡಿ ಹಿಡಿಯೋಣೇನು ಅಂದ್ಕೊಂಡೆ. "ಬ್ಯಾಡ ನನ್ನವ್ವಾ. ಇವತ್ತೊಂದು ದಿನ ಬ್ಯಾಡ. ನಾಳಿ ಪಾಡ್ಯ, ಮುಂಜಾನೆ ಜಳಕ ಮಾಡಿ ಒತ್ತು. ನಾಳಿ ಅಂಗಡಿ ತೆಗ್ಯಂಗಿಲ್ಲೇನು ಅವರು?"

"ಹಂಗಲ್ಲಬೇ ಅದು..."

"ನಿಮ್ಮಪ್ಪನೂ ಹಿಂಗ ಹಂಗಲ್ಲ ಅಂದ."

ಬ್ಯಾರೆ ದಿನ ಆಗಿದ್ರ ಆಕಿ ಕುಣಿಯೊಳಗ ಇರ್ತಿದ್ಳು, ಮಗ್ಗದ ಸಪ್ಪಳದಾಗ ನಾ ಫೋನಿನಾಗ ಏನು ಒತ್ತಿದೆ ಅಂತ ತಿಳೀತಿರಲಿಲ್ಲ. ಅಮಾಸಿ ಅಂತನ ಆಕಿ ಖಾಲಿ ಕುಂತಿದ್ಳು. ಖಾಲಿ ಅಂತನ ನನ್ನ ಮುಂಗೈ ಹಿಡಕೊಂಡಿದ್ಳು. ಆ ಹಿಡಿತ ಬಿಡಿಸಿಕೊಳ್ಳೋದು ದೊಡ್ಡದೇನಲ್ಲ, ಅರವತ್ತೈದು ವರ್ಷದ ಮುದುಕಿದು. ಹನ್ನೊಂದು ಹೊಡೀತು. ಪರದೆ ಮ್ಯಾಲ ಹಸರು ಪಟ್ಟಿ ಬಂತು. ಸೀಟು ಅದಾವು ಅಂತ.

ಹಿಂದ ನಾ ಬರದ ಕೆಳಗಿನ ಹಂತದ ಪರೀಕ್ಷೆಗೆ ಸೀಟು ಎರಡು ದಿನ ಹಂಗ ಉಳಿದಿದ್ದವು. ನಾಳಿನೂ ಇರ್ತಾವ ಅಂತ ಅದನ್ನ ನೆನಸಿಕೊಂಡೆ. ಎಲ್ಲಾ ಅವ್ವನ ಮ್ಯಾಲ ಹಾಕಿ ಕೈ ತೊಳಕೊಳ್ಳೋದು ಸಸಾರ, ಆದ್ರ ಬರದಿಡಾಕ ಕುಂತ ಮ್ಯಾಲ ಪೂರಾ ಬರೀಬೇಕು: ನನ್ನ ಹೆಬ್ಬೆಟ್ಟೂ ಏಳಲಿಲ್ಲ. ಜರ್ಮನ್ ಕಲಿತೀನಿ, ಬಿಪಿ ನೋಡ್ತೀನಿ, ಎಲ್ಲಾ ಖರೇ. ಒಳಗ ಎಲ್ಲೋ ನಾನೂ ಆ ಓಣಿಯಾಕಿನ. ಅಪ್ಪ ಬಿದ್ದ ಜಾಗ ಅಲ್ಲೇ ಎರಡು ಮಾರು ದೂರದಾಗಿತ್ತು. ಫೋನು ಮಗುಚಿ ನೆಲಕ್ಕಿಟ್ಟೆ. ಅವ್ವ ನನ್ನ ತಲಿ ನೇವರಿಸಿದ್ಳು, ಮಧ್ಯಾಹ್ನ ಹೋಳಿಗಿ ಮಾಡಿದ್ಳು. ನಾ ನಾಲ್ಕು ತಿಂದೆ. ಬುದ್ಧಿಗೇಡಿ.

ಮರುದಿನ ಜಳಕ ಮಾಡಿ, ದೇವರಿಗೆ ದೀಪ ಹಚ್ಚಿ, ಫೋನು ತೆಗದೆ. ಕೆಂಪು ಪಟ್ಟಿ. ಹೈದರಾಬಾದು ತುಂಬೈತಿ. ಚೆನ್ನೈ ನೋಡಿದೆ, ತುಂಬೈತಿ. ಪುಣೆ, ಬೆಂಗಳೂರು, ಎಲ್ಲಾ ಕೆಂಪು. ಮೇಡಂಗ ಫೋನು ಮಾಡಿದೆ. "ನಿನ್ನೆ ಅರ್ಧ ತಾಸಿನಾಗ ಮುಗದು ಹೋದ್ವಲ್ಲ, ನೀ ಎಲ್ಲಿದ್ದಿ?" ಅಂದ್ರು. ಎಲ್ಲಿದ್ದೆ ಅಂತ ಹೇಳಲಿ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನನ್ನದು ಹಂಗೂ ಅಲ್ಲ. ಬಾಯಿಗೆ ಬಂದಿತ್ತು, ನಾನ ಬಾಯಿ ಮುಚ್ಚಿಕೊಂಡೆ. ಏಜನ್ಸಿಯವರಿಗೆ ಬೇಡಿಕೊಂಡೆ, ಒಂದು ತಿಂಗಳು ತಾರೀಖು ಮುಂದ ಹಾಕ್ರೀ ಅಂತ. ಆಗಂಗಿಲ್ಲ ಅಂತ ಎರಡು ಸಾಲಿನ ಜವಾಬು ಬಂತು, ಭಾಳ ಮರ್ಯಾದಿಲೇ ಬರದಿದ್ರು.

ಅವ್ವ ಒಳಗಿಂದ ಕೇಳಿದ್ಳು, "ಒತ್ತಿದೇನು?"

"ಒತ್ತಿದೆ" ಅಂದೆ.

ಮಕ್ತಲಕ್ಕ ಹೋಗಿ ದವಾಖಾನಿ ಹಿಂದ ನಿಂತು ಅಕ್ಕಗ ಫೋನು ಮಾಡಿದೆ. ಅಳಲಿಲ್ಲ, ಬೈದೆ. ಅವ್ವಗ, ಅಮಾಸಿಗೆ, ಸತ್ತ ಅಪ್ಪಗ, ಬಾಯಿಗೆ ಬಂದಂಗ ಬೈದೆ. ಅಕ್ಕ ಎಲ್ಲಾ ಕೇಳಿ ಒಂದ ಮಾತು ಹೇಳಿದ್ಳು. "ಅವ್ವಗ ಹೇಳಬ್ಯಾಡ. ಅಮಾಸಿ ದಿನ ತಾನು ತಡೀಲಿಲ್ಲ, ಅದಕ್ಕ ಅಪ್ಪ ಹೋದ ಅಂತ ಇಷ್ಟು ದಿನ ಕೊರಗ್ಯಾಳ. ಈಗ ತಡದು ನಿನ್ನ ಹಾಳು ಮಾಡಿದೆ ಅಂತ ಗೊತ್ತಾದ್ರ ಆ ಕುಣಿಯಾಗ ಕುಂತೇ ಸಾಯ್ತಾಳ. ಫೇಲ್ ಆದೆ ಅಂತ ಹೇಳು. ಫೇಲ್ ಆಗಾಕೇನು, ಎಲ್ಲಾರೂ ಆಗ್ತಾರ."

"ನಾ ಫೇಲ್ ಆಗಾಕಿ ಅಲ್ಲಕ್ಕ."

"ಗೊತ್ತು. ಹೇಳು ಅಷ್ಟ."

ಪರೀಕ್ಷೆ ದಿನ ಹತ್ತರ ಬಂತು. ಬರೀತೀನಿ ಅಂತ ಹೇಳಿದ ಮ್ಯಾಲ ಹೋಗಬೇಕಲ್ಲ! ಹಿಂದಿನ ದಿನ ಮಧ್ಯಾಹ್ನ ಅವ್ವ ಅಂಗೈಗೆ ಮೊಸರು ಸಕ್ರಿ ಹಾಕಿದ್ಳು, ಬಸ್ ಸ್ಟ್ಯಾಂಡಿಗೂ ಬಂದ್ಳು. ಬ್ಯಾಡ ಅಂದ್ರೂ ಕೇಳಲಿಲ್ಲ. ಆಕಿ ನೋಡ್ತಾ ನಿಂತಿದ್ದಕ್ಕ ನಾ ಹೈದರಾಬಾದ್ ಬಸ್ಸೇ ಹತ್ತಬೇಕಾತು. ಕಿಡಕ್ಯಾಗ ಕೈ ಬೀಸಿದೆ. ಮರಿಕಲ್‌ದಾಗ ಇಳದು, ತಿರುಗಿ ಮಕ್ತಲ್ ಬಸ್ಸು ಹಿಡದು, ಅಲ್ಲಿಂದ ಗದ್ವಾಲಿಗೆ ಹೋದೆ. ಜೂರಾಲ ಆಣೆಕಟ್ಟು ದಾಟಿದ್ರ ಧರೂರಿನ ಕಡೆ ಕಾಲುವಿ ನೀರಿನಾಗ ಭತ್ತ ಹಸರು ಹಚ್ಚಗ ನಿಂತಿತ್ತು. ಬಾಜೂ ಕುಂತಾಕಿ, ಯಾಕವ್ವ ಅಳಾಕ ಹತ್ತೀ ಅಂತ ಕೇಳಿದ ಮ್ಯಾಲ ಗೊತ್ತಾತು ನಾ ಅಳಾಕ ಹತ್ತೀನಿ ಅಂತ.

ಅಕ್ಕನೂ ನೇಯಾಕಿನ, ಆದ್ರ ಮರುದಿನ ಆಕಿ ಮಗ್ಗಕ್ಕ ಕೂಡಲಿಲ್ಲ. ಅವ್ವನ ಫೋನು ಬಂದ್ರ ಮಗ್ಗದ ಸಪ್ಪಳ ಕೇಳಿಸ್ತೈತಿ ಅಂತ. ಮಕ್ಕಳನ್ನ ಸಾಲಿಗೆ ಕಳಿಸಿ ಇಬ್ಬರೂ ಸುಮ್ಮನ ಕುಂತಿವಿ. ಅವ್ವನ ಫೋನು ಬಂತು, ಒಳಗ ಹೋಗಾಕ ಹತ್ತೀನಿ ಅಂದೆ. ಓದೋದು ಮುಗೀತು, ಕೇಳೋದು ಮುಗೀತು, ಬರಿಯೋದು ಮುಗೀತು ಅಂತ ನಾ ಗಡಿಯಾರ ನೋಡಿ ಅಕ್ಕಗ ಹೇಳ್ತಿದ್ದೆ. ಊಟ ಆದ ಮ್ಯಾಲ ಅಕ್ಕ ಕೇಳಿದ್ಳು, "ಈಗ ಅಲ್ಲಿದ್ದಿದ್ರ ಏನು ಮಾಡ್ತಿದ್ದಿ?"

"ಈಗ ಮಾತಾಡೋದು. ಎದುರಿಗೆ ಇಬ್ಬರು ಕುಂತಿರ್ತಾರ."

"ನಾ ಕುಂತೀನಲ್ಲ. ಮಾತಾಡು."

ಸಿಟ್ಟು ಬಂತು. ಆಟ ಆಡಾಕ ಬಂದೀನೇನು ನಾನು? ಆದ್ರೂ ಶುರು ಮಾಡಿದೆ. ಹಾಸಿಗಿ ಹಿಡದ ಒಬ್ಬ ಮುದುಕಿ ಬಗ್ಗೆ, ಆಕಿ ಬೆನ್ನಿನ ಬಗ್ಗೆ, ಆಕಿ ಹಳೇ ಮನಿ ನೆನಸಿ ಅತ್ರ ನಾ ಏನು ಹೇಳ್ತೀನಿ ಅನ್ನೋದರ ಬಗ್ಗೆ. ಹದಿನೈದು ನಿಮಿಷ. ಎಲ್ಲೂ ತಡವರಿಸಲಿಲ್ಲ. ಹೆಣ್ಣು ಶಬ್ದ, ಗಂಡು ಶಬ್ದ, ಒಂದರ ಬಾಲ ತಪ್ಪಲಿಲ್ಲ. ಎರಡು ವರ್ಷದಾಗ ಅಷ್ಟು ಚಂದ ನಾ ಎಂದೂ ಮಾತಾಡಿರಲಿಲ್ಲ. ಅಕ್ಕ ಗಲ್ಲಕ್ಕ ಕೈ ಕೊಟ್ಟು, ಏನೂ ತಿಳೀದೆ, ಕಣ್ಣು ಮಿಟುಕಿಸದೆ ಕೇಳಿದ್ಳು. ಮುಗದ ಮ್ಯಾಲ, "ಪಾಸಾದಿ ಬಿಡು" ಅಂದು ಎದ್ದು ಒಳಗ ಹೋದ್ಳು. ಒಳಗ ನಳ ಬಿಟ್ಟು ಭಾಳ ಹೊತ್ತು ಭಾಂಡಿ ತಿಕ್ಕಿದ್ಳು. ತಿಕ್ಕೋ ಭಾಂಡಿ ಒಂದೂ ಇರಲಿಲ್ಲ.

ಮೂರು ವಾರ ಬಿಟ್ಟು ಅವ್ವಗ ಹೇಳಿದೆ, ಫೇಲ್ ಅಂತ. ಮಗ್ಗ ನಿಂತಿತು. ಆಕಿ ಕುಣಿಯಿಂದ ಮ್ಯಾಲ ಬಂದು ಸೆರಗಿಲೆ ಮುಖ ಒರಸಿಕೊಂಡು ನನ್ನ ಎದುರಿಗೆ ಕುಂತ್ಳು.

"ಎಲ್ಲಿ ತಪ್ಪಿದಿ?"

ಇದಕ್ಕ ನಾ ತಯಾರಿರಲಿಲ್ಲ. ಫೇಲ್ ಅಂದ್ರ ಮುಗೀತು ಅಂತ ತಿಳದಿದ್ದೆ. "ಹಂಗೇ... ಎಲ್ಲಾ ಕಡೆ" ಅಂದೆ.

"ಎಲ್ಲಾ ಕಡೆ ಹೆಂಗ ತಪ್ತಿ? ಒಂದು ಹೇಳು. ಏನು ಕೇಳಿದ್ರು, ಏನು ಹೇಳಿದಿ?"

ತಪ್ಪು ಮಾಡದಾಕಿ ತಪ್ಪು ಹುಟ್ಟಿಸಬೇಕಾತು. ಬಾಯಿಗೆ ಬಂದದ್ದು ಅಂದೆ, "ಸೂಜಿಲೇ ಅನ್ನೋದಕ್ಕ, ಮೂರನೇ ಏಟಿಗೆ... ಡೀ ನೊಯೆ ನಾಡೆಲ್ ಅಂದೆ."

ಅವ್ವ ಹಣಿ ಚಚ್ಚಿಕೊಂಡ್ಳು. "ಅಯ್ಯ ನಿನ್ನ! ನೊಯನ್ ಅಲ್ಲೇನ ಅದು? ಅಕ್ಷರ ಬರದ ನನಗ ಗೊತ್ತೈತಿ, ಎರಡು ವರ್ಷ ಒದರಿ ನನ್ನ ಕಿವಿ ತೂತು ಮಾಡಿದಾಕಿ, ಅಲ್ಲಿ ಹೋಗಿ ನೊಯೆ ಅಂದಿಯಲ್ಲ! ಮಣ್ಣು ತಿಂತಿದ್ದೇನ ಆವತ್ತು?"

ಆಕಿ ಬೈದ್ಳು, ನಾ ತಲಿ ತಗ್ಗಿಸಿ ಬೈಸಿಕೊಂಡೆ. ದಡ್ಡಿ ಅಂದ್ಳು, ಗಾಬರಿಬುರುಕಿ ಅಂದ್ಳು, ಎಲ್ಲಾ ಅನ್ನಿಸಿಕೊಂಡೆ. ಖರೇ ಹೇಳಿಬಿಡಲೇನು ಅಂತ ಮಾತು ಗಂಟಲತನಕ ಬಂದಿತ್ತು. ಅಷ್ಟರಾಗ ಆಕಿ ಬೈಯೋದು ನಿಲ್ಲಿಸಿ ಒಲಿ ಮುಂದ ಹೋದ್ಳು. ರೊಟ್ಟಿ ಬಡದು, ಬಿಸಿದು ನನ್ನ ತಾಟಿಗೆ ಹಾಕಿ, ಮ್ಯಾಲ ಬೆಣ್ಣಿ ಇಟ್ಟು ಬಾಜೂ ಕುಂತ್ಳು. ದನಿ ತೆಳ್ಳಗಾಗಿತ್ತು.

"ಹೋಗ್ಲಿ ಬಿಡು ಮಗಳ. ಫೇಲ್ ಆದ್ರ ಆತು, ಜೀವ ಹೋಗಿಲ್ಲಲ್ಲ. ಆವತ್ತ ಅಮಾಸಿ ದಿನ ನೀ ಒತ್ತಿಬಿಡ್ತಿದ್ದಿ, ನಾ ಕೈ ಹಿಡದೆ. ನಿಮ್ಮಪ್ಪನ ಕೈ ಹಿಡೀಲಿಲ್ಲ, ನಿನ್ನ ಕೈಯರ ಹಿಡದೆ. ಅದೊಂದು ಪುಣ್ಯ ಮಾಡೀನಿ ನಾ."

ಬಾಯಾಗ ರೊಟ್ಟಿ ಇತ್ತು. ನುಂಗಿದೆ.

"ಹೂಂ ಅವ್ವ" ಅಂದೆ, "ನೀ ಹಿಡದಿದ್ದಕ್ಕ ಉಳದೆ."

ಆಕಿ ಖುಷಿಲೇ ಇನ್ನೊಂದು ರೊಟ್ಟಿ ಹಾಕಿದ್ಳು.